ಹಿತಕಿದ ಹೆಬ್ಬೆರಳು

ದೇವರು ಮನುಷ್ಯನಿಗೆ ಹೆಬ್ಬೆರಳನ್ನು ಯಾಕೆ ಕೊಟ್ಟ ಎಂದು ಬೇರೆ ಕಡೆಯವರನ್ನು ಕೇಳಿದರೆ ಲೇಖನಿ ಹಿಡಿಯಲಿಕ್ಕೆ, ಈಚೆಗೆ ಮೊಬೈಲು ಉಜ್ಜಲಿಕ್ಕೆ ಎಂದೆಲ್ಲ ಹೇಳಿಯಾರು. ನಮ್ಮ ಗೌರಿಬಿದನೂರಿನಲ್ಲಿ ಸಂಕ್ರಾಂತಿ ಕಳೆದ ಮೇಲೆ ಕೇಳಿ ನೋಡಿ, ಉತ್ತರ ಒಂದೇ: ಅವರೆಕಾಳು ಹಿತಕಲಿಕ್ಕೆ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಪಾತ್ರೆಗೆ ಹಾರುತ್ತದೆ. ಹಾರಬೇಕು. ನಾನು ಒತ್ತಿದ್ದು ಮಾತ್ರ ನೇರವಾಗಿ ಫ್ರಿಜ್ಜಿನ ಕೆಳಗೆ ಹೋಗುತ್ತದೆ. ಒಬ್ಬರ ಊಟಕ್ಕಾಗುವಷ್ಟು ಬೇಳೆ ಹಿತಕುವಷ್ಟರಲ್ಲಿ ಮನೆಮಂದಿಗೆಲ್ಲ ಹಸಿವಾಗಿರುತ್ತದೆ. ಇಂಥ ಅಡುಗೆಯನ್ನು ಕಂಡುಹಿಡಿದವರಿಗೆ ಬೇರೆ ಕಸುಬು ಇರಲಿಲ್ಲವೆಂದೇ ನನ್ನ ಗುಮಾನಿ.

ನನ್ನ ಹೆಂಡತಿ ಚಿಂತಾಮಣಿ ಕಡೆಯವಳು. ಅವಳ ತವರಿನಲ್ಲಿ ಇದನ್ನು ಪಿತಿಕಿಪಪ್ಪು ಎನ್ನುತ್ತಾರೆ. ಕನ್ನಡದಲ್ಲಿ ಹಿತಕಿದರೂ ತೆಲುಗಿನಲ್ಲಿ ಪಿತಿಕಿದರೂ ನೋಯುವುದು ನನ್ನ ಬೆರಳೇ. ಬೆಳಿಗ್ಗೆ ಅವರೆಕಾಳಿನ ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಗೆ ಅವರೆಕಾಳಿನ ರೊಟ್ಟಿ, ರಾತ್ರಿ ಮುದ್ದೆಗೆ ಹಿತಕಬೇಳೆ ಸಾರು. ಕಾಫಿಗೆ ಇನ್ನೂ ಹಾಕಿಲ್ಲ, ಅದು ಅವಳ ದೊಡ್ಡ ಮನಸ್ಸು. ಸಾರು ಅಮೃತ, ಸುಳ್ಳು ಹೇಳಬಾರದು. ಅದರ ನಂತರದ ಹೊಟ್ಟೆಯ ವಿಚಾರ ಇಲ್ಲಿ ಬೇಡ. ಈ ದಿನಗಳಲ್ಲಿ ನಮ್ಮ ಆಫೀಸಿನ ಫ್ಯಾನುಗಳು ಚಳಿಯಲ್ಲೂ ತಿರುಗುತ್ತಿರುತ್ತವೆ ಎಂದಷ್ಟೇ ಹೇಳುತ್ತೇನೆ.

ಆಫೀಸಿನಲ್ಲಿ ನಾನು ಬೇರೆಯೇ ಮನುಷ್ಯ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದೇ ನನಗೆ ಗೊತ್ತಿಲ್ಲ ಎಂದು ಟೀ ಕುಡಿಯುವಾಗ ಮೀಸೆ ತಿರುವುವವನು. ಅಂಥ ನನ್ನ ಮಾನ ಕಳೆದದ್ದು ಹಾಜರಿ ಯಂತ್ರ. ಬಾಗಿಲಲ್ಲೇ ಇರುವ ಅದಕ್ಕೆ ಹೆಬ್ಬೆಟ್ಟು ಒತ್ತಬೇಕು, ಅದು ಗುರುತು ಹಿಡಿಯದಿದ್ದರೆ ಅರ್ಧ ದಿನದ ರಜೆ ಖೋತಾ. ಒಂದು ಬೆಳಿಗ್ಗೆ ಒತ್ತಿದೆ. ‘ಪ್ಲೀಸ್ ಟ್ರೈ ಎಗೇನ್’ ಎಂದಿತು. ಪ್ಯಾಂಟಿಗೆ ಒರೆಸಿ ಒತ್ತಿದೆ, ಬಾಯಿಂದ ಊದಿ ಒತ್ತಿದೆ, ತಲೆಗೆ ಉಜ್ಜಿ ಎಣ್ಣೆ ಮಾಡಿಕೊಂಡು ಒತ್ತಿದೆ. ಊಹೂಂ. ನೋಡಿದರೆ ಹೆಬ್ಬೆರಳು ನೆನೆದು ನೆನೆದು ಒಣದ್ರಾಕ್ಷಿಯಾಗಿದೆ, ಗೆರೆಗಳ ತುಂಬ ಅವರೆಕಾಯಿಯ ಕಪ್ಪು ಕರೆ. ರಜೆ ಹೋಗುವುದಿರಲಿ, ಕಾರಣ ಕೇಳಿದರೆ ಏನು ಹೇಳಲಿ ಎಂದು ಸುಳ್ಳು ಹುಡುಕತೊಡಗಿದೆ.

ಅಷ್ಟರಲ್ಲಿ ನಮ್ಮ ಮ್ಯಾನೇಜರರು ಬಂದು, ಏನ್ರೀ, ಗಾರೆ ಕೆಲಸಕ್ಕೆ ಹೋಗ್ತಿದ್ದೀರಾ ಎಂದು ಕೇಳಿದರು. ಗುಲಾಬಿ ಕುಂಡಕ್ಕೆ ಮಣ್ಣು ಹಾಕಿದೆ ಎಂದು ತೊದಲಿದೆ. ಅವರು ನನ್ನ ಕೈಯನ್ನೇ ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ಏನನ್ನು ಬಚ್ಚಿಟ್ಟರೂ ಅವರೆಯ ಸೊಗಡನ್ನು ಬಚ್ಚಿಡಲಿಕ್ಕಾಗುವುದಿಲ್ಲ.

“ತೊಂಡೇಬಾವಿ ಕಡೆ ಕಾಯಿ ಅಲ್ವೇನ್ರೀ? ನಮಗೆ ಈ ಸಲ ಇಷ್ಟು ಸೊಗಡಿಂದು ಸಿಗ್ಲೇ ಇಲ್ಲಪ್ಪ” ಎಂದರು ಬೇಸರದಿಂದ. ಆಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿದರು. ‘ಪ್ಲೀಸ್ ಟ್ರೈ ಎಗೇನ್.’

ನನಗೆ ಹೋದ ಜೀವ ಬಂದಂತಾಯಿತು. ಹಿಂದಿರುಗಿ ನೋಡಿದರೆ ಸಾಲಿನಲ್ಲಿದ್ದ ಗಂಡಸರೆಲ್ಲ ಜೇಬಿನಲ್ಲಿ ಕೈಯಿಟ್ಟುಕೊಂಡು ಸೂರು ನೋಡುತ್ತಿದ್ದಾರೆ. ಅಡುಗೆಮನೆಯ ಹೊಸ್ತಿಲು ತುಳಿಯದ ವೀರರು, ಒಬ್ಬೊಬ್ಬರ ಹೆಬ್ಬೆಟ್ಟನ್ನೂ ಯಂತ್ರ ತಿರಸ್ಕರಿಸಿತು. ಲೆಕ್ಕಪತ್ರ ವಿಭಾಗದ ಸರೋಜಮ್ಮನವರು ಮಾತ್ರ ಬಂದವರೇ ಒತ್ತಿ ‘ಥ್ಯಾಂಕ್ ಯೂ’ ಅನ್ನಿಸಿಕೊಂಡರು. ನಿಮ್ಮ ಮನೇಲಿ ಅವರೆ ಮಾಡಲ್ವೇ ಎಂದು ಮ್ಯಾನೇಜರರು ಕೇಳಿದರು.

“ಮಾಡ್ದೆ ಇರ್ತೀವಾ ಸಾರ್? ನಮ್ಮನೆಯವ್ರು ಹಿತಕ್ತಾರೆ. ಅವರದು ಸ್ವಂತ ಅಂಗಡಿ, ಹೆಬ್ಬೆಟ್ಟು ಒತ್ತೋ ತಾಪತ್ರಯ ಇಲ್ಲ.”

ಕೊನೆಗೆ ಎಲ್ಲರೂ ಬೇರೊಂದು ಬೆರಳನ್ನು ಯಂತ್ರಕ್ಕೆ ಪರಿಚಯಿಸುವುದೆಂದು ತೀರ್ಮಾನವಾಯಿತು. ಅವತ್ತು ನಮ್ಮ ಆಫೀಸಿನಲ್ಲಿ ನಡೆದಷ್ಟು ಗಂಭೀರ ಚರ್ಚೆ ಹಿಂದೆಂದೂ ನಡೆದಿರಲಿಲ್ಲ. ಹೆಬ್ಬೆರಳು, ತೋರುಬೆರಳು ಹಿತಕುತ್ತವೆ. ನಡುಬೆರಳು ಆಸರೆ ಕೊಡುತ್ತದೆ. ಕಿರುಬೆರಳು ಸಿಪ್ಪೆ ಪಕ್ಕಕ್ಕೆ ತಳ್ಳುತ್ತದೆ. ಏನೂ ಕಡಿದು ಕಟ್ಟೆ ಹಾಕದೆ ಸುಮ್ಮನೆ ನೆಟ್ಟಗೆ ನಿಂತಿರುವುದು ಉಂಗುರದ ಬೆರಳೊಂದೇ. ಅದನ್ನೇ ಕೊಟ್ಟೆ. ಯಂತ್ರ ಒಂದೇ ಸಲಕ್ಕೆ ಒಪ್ಪಿಕೊಂಡಿತು.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಯ್ಯೋ ಪಾಪ, ಇನ್ನು ಹಿತಕಬೇಡಿ ಎಂದಾಳೆಂಬ ಆಸೆ. ಅವಳು ಕಾಳಿನ ಬೋಗುಣಿಯನ್ನು ಇನ್ನಷ್ಟು ಹತ್ತಿರ ತಳ್ಳಿದಳು.

“ಯಾವ ಕೆಲ್ಸನೂ ಮಾಡ್ದೆ ಇರೋ ಬೆರಳು ತಾನೆ? ನಿಮ್ಮ ಆಫೀಸಿಗೆ ಅದೇ ಸರಿ ಬಿಡಿ. ಮಿಕ್ಕಿದ್ದು ಇಲ್ಲಿ ಕೊಡಿ.”

ಕೊಟ್ಟೆ.