ಸೋಮವಾರದ ತನಕ ಎಂಬತ್ತಾರು ಸೆಂಟಿಮೀಟರ್

ಜೇವರ್ಗಿ ಹೆದ್ದಾರಿಯ ಪಕ್ಕದಲ್ಲಿರುವ ಮಂದಹಾಸ ಥೀಮ್ ಪಾರ್ಕಿನಲ್ಲಿ ಎಂಬತ್ತೈದು ಸೆಂಟಿಮೀಟರಿಗಿಂತ ಗಿಡ್ಡಗಿರುವ ಯಾವ ವ್ಯಕ್ತಿಗೂ ಸಂತೋಷಪಡಲು ಅವಕಾಶವಿಲ್ಲ. ಇದು ಪಾರ್ಕಿನ ನಿಯಮಾವಳಿಯ ನಾಲ್ಕನೇ ಕಲಮು. ಮೊದಲಿನ ಮೂರು ಕಲಮುಗಳು ನಿಯಮಾವಳಿಯನ್ನು ಗೌರವಿಸುವ ಬಗ್ಗೆ ಇವೆ.

ಕಲಮು ನಾಲ್ಕು ಮುಖ್ಯವಾಗಿ ಅನ್ವಯಿಸುವುದು ಪುಟಾಣಿ ರೈಲಿಗೆ. ಈ ರೈಲಿಗೆ ಮೂರು ಡಬ್ಬಿ, ಒಂದು ಹಿತ್ತಾಳೆ ಗಂಟೆ, ಖಾಜಾ ಎಂಬ ಒಬ್ಬ ಚಾಲಕ. ರೈಲು ಓಡುತ್ತಿರುವಾಗಲೇ ಖಾಜಾ ಕೆಳಗಿಳಿದು, ಚಹಾ ಕುಡಿದು, ಕಪ್ಪು ತೊಳೆದಿಟ್ಟು, ನಡೆದುಕೊಂಡು ಹೋಗಿ ಮತ್ತೆ ಹತ್ತಿಕೊಳ್ಳುತ್ತಾನೆ. ಇಷ್ಟು ಅಪಾಯಕಾರಿಯಾದ ವಾಹನದಲ್ಲಿ ಗಿಡ್ಡ ಮಕ್ಕಳನ್ನು ಕೂರಿಸಲಾಗದೆಂದು ವ್ಯವಸ್ಥಾಪಕರಾದ ಶಾಂತಲಿಂಗಪ್ಪನವರು ತೀರ್ಮಾನಿಸಿದ್ದಾರೆ. ಅವರು ಮೂವತ್ತೈದು ವರ್ಷ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತರಾದವರು. ಯಾವ ಇಲಾಖೆಯೆಂದು ಇಲ್ಲಿ ಹೇಳುವುದಿಲ್ಲ, ಆ ಇಲಾಖೆ ಇನ್ನೂ ಚೇತರಿಸಿಕೊಳ್ಳುತ್ತಿದೆ.

ಆ ಭಾನುವಾರ ಮಾದನಹಿಪ್ಪರಗಾದಿಂದ ಮೂರು ಬಸ್ಸು ಬದಲಿಸಿ ಒಂದು ಕುಟುಂಬ ಬಂದಿತ್ತು. ನಾನು ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದೆ. ನಾನು ಒಬ್ಬನೇ, ಮಕ್ಕಳಿಲ್ಲದೆ ಥೀಮ್ ಪಾರ್ಕಿಗೆ ಬಂದದ್ದು ಏಕೆಂದು ಯಾರೂ ಕೇಳಬಾರದು. ಕುಟುಂಬದಲ್ಲಿ ಟೇಲರ್ ಶಾಂತಕುಮಾರ, ಅವನ ಹೆಂಡತಿ ವಿಜಯಶ್ರೀ, ತಾಯಿ ಗಂಗುಬಾಯಿ, ಮತ್ತು ಎರಡು ವರ್ಷ ಮೂರು ತಿಂಗಳ ಅಮೃತ ಇದ್ದರು. ಅಮೃತ ಥೀಮ್ ಪಾರ್ಕು ನೋಡುತ್ತಿರುವುದು ಇದೇ ಮೊದಲು. ಅವಳು ಆ ಹೊತ್ತಿಗೆ ಬಲಗಾಲಿನ ಚಪ್ಪಲಿ ತೆಗೆದು ಅದಕ್ಕೆ ಬಿಸ್ಕೀಟು ತಿನ್ನಿಸುತ್ತಿದ್ದಳು.

ವಿಷಯ ಗಂಭೀರವಾಗಿತ್ತು. ಅಮೃತಳ ಎತ್ತರ ಎಂಬತ್ತೊಂದು ಸೆಂಟಿಮೀಟರ್. ಶಾಂತಕುಮಾರ ತಿಂಗಳಿಂದ ದಿನಾ ಸಂಜೆ ಅಂಗಡಿಯ ಟೇಪಿನಿಂದ ಅಳೆದಿದ್ದ, ಕೂಸು ಒಂದು ನೂಲಿನಷ್ಟೂ ಮುಂದುವರಿದಿರಲಿಲ್ಲ. ಆದರೆ ಅವಳಿಗೆ ಇನ್ನೂ ಜಾವಳ, ಅಂದರೆ ದೇವರಿಗೆ ಮೊದಲ ಮುಡಿ ಒಪ್ಪಿಸುವುದು, ಆಗಿರಲಿಲ್ಲ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಆ ಕೂದಲನ್ನು ವಿಜಯಶ್ರೀ ನೆತ್ತಿಯ ಮೇಲೆ ಒಟ್ಟುಮಾಡಿ, ನಾಲ್ಕು ರಬ್ಬರ್ ಬ್ಯಾಂಡ್ ಬಿಗಿದು ಉಳ್ಳಾಗಡ್ಡಿ ತಪ್ಪಲಿನ ಹಾಗೆ ನೆಟ್ಟಗೆ ನಿಲ್ಲಿಸಿದ್ದಳು. ಜುಟ್ಟಿನ ಎತ್ತರ ಐದು ಸೆಂಟಿಮೀಟರ್. ಕೂಡಿಸಿದರೆ ಎಂಬತ್ತಾರು.

ಮರುದಿನ ಸೋಮವಾರ ಜಾವಳ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ಸೋದರಮಾವನಿಗೆ ಕಡಗಂಚಿಯಲ್ಲಿ ಅದೊಂದೇ ದಿನ ರಜೆ ಸಿಕ್ಕಿತ್ತು. ಸೋಮವಾರ ಕತ್ತರಿ ಆಡಿದರೆ ಅಮೃತ ಮತ್ತೆ ಎಂಬತ್ತೊಂದಕ್ಕೆ ಇಳಿಯುತ್ತಾಳೆ, ರೈಲು ಇನ್ನೊಂದು ವರ್ಷ ದೂರ ಹೋಗುತ್ತದೆ. ಅವಳು ರೈಲು ಹತ್ತುವಷ್ಟು ಎತ್ತರವಿದ್ದದ್ದು ಆ ಒಂದು ಭಾನುವಾರ ಮಾತ್ರ.

ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡಿದ್ದವಳು ಗಂಗುಬಾಯಿ. "ಅರವತ್ತೆರಡ ವರ್ಷ ಆತ್ರಿ ನನಗ," ಎಂದು ಅವಳು ಹಿಂದೆ ತಿರುಗಿ ನನಗೆ ತಿಳಿಸಿದಳು. "ಒಂದ್ ಸಲಾನೂ ಆಟದ ಸಾಮಾನಿನ ಮ್ಯಾಲ ಕುಂತಿಲ್ಲ. ಸಣ್ಣಕಿದ್ದಾಗ ಎಮ್ಮಿ ಮ್ಯಾಲ ಕುಂತಿದ್ದೆ, ಅದು ಕೆಲಸ, ಆಟ ಅಲ್ಲ. ನನ್ನ ಮೊಮ್ಮಗಳಾದ್ರೂ ಕುಂದರ್ಲಿ."

ರೈಲಿನ ಬಾಗಿಲಲ್ಲಿ ಎತ್ತರ ನಿರೀಕ್ಷಕ ಕಲ್ಲಿನಾಥ ನಿಂತಿದ್ದ. ಅವನ ಪಕ್ಕದಲ್ಲಿ ಆಳೆತ್ತರದ ಒಂದು ಹಲಗೆ, ಅದರ ಮೇಲೆ ಜಿರಾಫೆಯ ಚಿತ್ರ, ಜಿರಾಫೆಯ ಕುತ್ತಿಗೆಗುಂಟ ಅಂಕಿಗಳು. ಮೇಲಿನಿಂದ ಇಳಿಸುವ ಒಂದು ಮರದ ಪಟ್ಟಿ ಇತ್ತು. ತಲೆಗೆ ತಾಗಿದರೆ ಪಟ್ಟಿ 'ಟಕ್' ಎನ್ನುತ್ತಿತ್ತು.

ಟಕ್.

ಅಮೃತ ತಲೆ ಎತ್ತಿ ಪಟ್ಟಿಯನ್ನು ನೋಡಿದಳು, ಕಲ್ಲಿನಾಥನನ್ನು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮತ್ತ!" ಎಂದಳು.

ಕಲ್ಲಿನಾಥ ನಗಲಿಲ್ಲ, ಕರ್ತವ್ಯದ ಮೇಲಿದ್ದ. "ಪಟ್ಟಿ ಹಗೂರ ಇಟ್ರ ಎಂಬತ್ತಾರ್ ಬರ್ತದ. ಒತ್ತಿ ಹಿಡದ್ರ ಎಂಬತ್ತೊಂದು. ಈಗ ಒತ್ತಬೇಕೋ ಬ್ಯಾಡೋ, ಅದು ನಿಯಮದಾಗ ಇಲ್ರಿ."

"ಇಲ್ಲಂದ್ರ ಒತ್ತಬ್ಯಾಡ್ರಿ," ಎಂದಳು ವಿಜಯಶ್ರೀ.

"ಹಂಗ ಬಿಡಾಕ ಬರಂಗಿಲ್ಲ ಅಕ್ಕೋರ. ಕೂದಲ ಅಂದ್ರ ಎತ್ತರ ಏನು?"

"ಜಿರಾಫಿ ಕೋಡ ಲೆಕ್ಕಕ್ಕ ಹಿಡದೀರಲ್ಲ, ನನ್ನ ಮಗಳ ಜುಟ್ಟ ಯಾಕ ಬ್ಯಾಡ?"

ಕಲ್ಲಿನಾಥ ಜಿರಾಫೆಯ ಕಡೆ ತಿರುಗಿ ನೋಡಿದ. ಅಂಕಿಗಳು ನಿಜವಾಗಿಯೂ ಕೋಡಿನವರೆಗೆ ಹೋಗಿದ್ದವು.

ಇಷ್ಟರಲ್ಲಿ ಗಂಗುಬಾಯಿ ಒಂದು ಸಣ್ಣ ತಪ್ಪು ಮಾಡಿದಳು. "ಸಾಹೇಬ, ಅದು ಜಾವಳದ ಕೂದಲ. ನಮ್ಮದಲ್ಲ, ದೇವರದು," ಎಂದಳು.

"ಹಂಗಾದ್ರ ಅದು ಕೂಸಿನ ಎತ್ತರದಾಗ ಬರಂಗಿಲ್ಲ ಆಯಿ," ಎಂದ ಕಲ್ಲಿನಾಥ ಸಮಾಧಾನದಿಂದ. "ದೇವರ ಎತ್ತರದಾಗ ಬರ್ತದ."

ಗಂಗುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಒಪ್ಪಿಸೋ ತನಕ ನಮ್ಮದೇ. ಒಪ್ಪಿಸೋದು ಸೋಮವಾರ ಮುಂಜಾನಿ ಹತ್ತಕ್ಕ. ಇವತ್ತ ಆಯಿತವಾರ. ಬೇಕಾದ್ರ ದೇವರಿಗೆ ಕೇಳ್ರಿ!"

ದೇವರಿಗೆ ಕೇಳುವುದು ಕಲ್ಲಿನಾಥನ ಅಧಿಕಾರ ವ್ಯಾಪ್ತಿಯಲ್ಲಿರಲಿಲ್ಲ. ಅವನು ಸೀಟಿ ಊದಿದ. ವ್ಯವಸ್ಥಾಪಕ ಶಾಂತಲಿಂಗಪ್ಪನವರು ಕನ್ನಡಕ ಒರೆಸುತ್ತ ಬಂದು, ಪ್ರಕರಣ ಕೇಳಿ, ಜುಟ್ಟನ್ನು ಮುಟ್ಟದೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು. ನಿವೃತ್ತಿಯ ನಂತರ ಮೊದಲ ಬಾರಿಗೆ ಅವರ ಮುಖದಲ್ಲಿ ರಕ್ತ ಆಡಿತು. ಹತ್ತು ನಿಮಿಷದಲ್ಲಿ ಧ್ವನಿವರ್ಧಕ ಮೊಳಗಿತು.

"ಸಾರ್ವಜನಿಕರ ಗಮನಕ್ಕೆ. ಮಾದನಹಿಪ್ಪರಗಾದ ಕುಮಾರಿ ಅಮೃತ ಇವರ ಜುಟ್ಟು ಪರಿಶೀಲನೆಯಲ್ಲಿರುತ್ತದೆ. ಈ ಸಂಬಂಧ ಮೂವರು ಸದಸ್ಯರ ಕೇಶ ನಿರ್ಣಯ ಸಮಿತಿಯನ್ನು ರಚಿಸಲಾಗಿದೆ. ಅಲ್ಲಿಯವರೆಗೆ ಜುಟ್ಟಿನ ಯಥಾಸ್ಥಿತಿಯನ್ನು ಕಾಪಾಡತಕ್ಕದ್ದು. ಯಾರೂ ಮಗುವಿನ ತಲೆ ಸವರಬಾರದು."

ಸಮಿತಿಯಲ್ಲಿ ಶಾಂತಲಿಂಗಪ್ಪನವರು, ಕಲ್ಲಿನಾಥ, ಮತ್ತು ರೈಲ್ವೆಯ ಪ್ರತಿನಿಧಿಯಾಗಿ ಚಾಲಕ ಖಾಜಾ ಇದ್ದರು. ಚಾಲಕ ಸಮಿತಿಯಲ್ಲಿದ್ದುದರಿಂದ ರೈಲು ನಿಂತಿತು. ರೈಲಿನಲ್ಲಿ ಅದಾಗಲೇ ಕುಳಿತಿದ್ದ ಅಫಜಲಪುರದ ಹದಿನಾಲ್ಕು ಮಕ್ಕಳು ಇಳಿಯಲು ಕೇಳಿಕೊಂಡಾಗ, ಪ್ರಯಾಣದ ನಡುವೆ ಇಳಿಯುವುದನ್ನು ಕಲಮು ಒಂಬತ್ತು ನಿಷೇಧಿಸುತ್ತದೆಂದು ತಿಳಿಸಲಾಯಿತು. ಅವರಿಗೆ ಹೊರಗಿನಿಂದ ಚುರುಮುರಿ ಒದಗಿಸಲಾಯಿತು.

ಸಮಿತಿ ವೈಜ್ಞಾನಿಕವಾಗಿ ನಡೆದುಕೊಂಡಿತು. ಜುಟ್ಟನ್ನು ಒತ್ತಿ ಅಳೆದರು, ಒತ್ತದೆ ಅಳೆದರು, ಅರ್ಧ ಒತ್ತಿ ಅಳೆದರು. ಟಕ್, ಟಕ್, ಟಕ್. ಗಾಳಿ ಬಂದಾಗ ಒಮ್ಮೆ, ಗಾಳಿ ನಿಂತಾಗ ಒಮ್ಮೆ. ಶಾಂತಕುಮಾರ ತನ್ನ ಟೇಪು ತೆಗೆದು, "ನಮ್ಮ ಕಸುಬಿನಾಗ ಇಂಚೇ ಖರೇ ರಿ," ಎಂದು ಇಂಚಿನಲ್ಲೂ ಅಳೆದುಕೊಟ್ಟ. ಪ್ರತಿ 'ಟಕ್'ಗೂ ಅಮೃತಳ ನಗು ಹೆಚ್ಚುತ್ತಾ ಹೋಯಿತು. ಹನ್ನೊಂದನೇ ಸಲಕ್ಕೆ ಅವಳು ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟಳು. ಕೂತ ಎತ್ತರವನ್ನೂ ಕಲ್ಲಿನಾಥ ಬರೆದುಕೊಂಡ. ಎದ್ದು ನಿಂತ ಅಮೃತ ತಾನೇ ಬೆನ್ನನ್ನು ಜಿರಾಫೆಗೆ ಹಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿ, "ಮತ್ತ!" ಎಂದಳು. ಸಾಲಿನಲ್ಲಿದ್ದ ನಾವೆಲ್ಲ ಅವಳ ಜೊತೆ ನಗತೊಡಗಿದ್ದೆವು. ನನಗೆ ಅಷ್ಟು ನಗು ಬಂದು ಎಷ್ಟೋ ವರ್ಷವಾಗಿತ್ತು.

ಮಧ್ಯಾಹ್ನ ಊಟದ ನಂತರ ಆದೇಶ ಹೊರಬಿತ್ತು. ಶಾಂತಲಿಂಗಪ್ಪನವರು ನಿಂತು ಓದಿದರು.

"ಪ್ರಸ್ತಾವನೆಯಲ್ಲಿ ವಿವರಿಸಿರುವ ಕಾರಣಗಳಿಗಾಗಿ, ಸದರಿ ಮಗು ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ತನಕ ಎಂಬತ್ತಾರು ಸೆಂಟಿಮೀಟರ್ ಇದೆಯೆಂದು ಭಾವಿಸತಕ್ಕದ್ದು. ಹತ್ತು ಗಂಟೆಯ ನಂತರ ಅದು ಎಂಬತ್ತೊಂದು ಸೆಂಟಿಮೀಟರ್ ಇರತಕ್ಕದ್ದು. ಈ ನಡುವೆ ಮಗು ತಾನಾಗಿಯೇ ಬೆಳೆದಲ್ಲಿ ಪಾರ್ಕು ಜವಾಬ್ದಾರಿಯಲ್ಲ."

ಗಂಗುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ಅಫಜಲಪುರದ ಹದಿನಾಲ್ಕು ಮಕ್ಕಳು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಖಾಜಾ ಓಡಿಹೋಗಿ ಗಂಟೆ ಬಾರಿಸಿದ. ಅಮೃತಳನ್ನು ಮೊದಲ ಡಬ್ಬಿಯಲ್ಲಿ ಕೂರಿಸಿ, ಹಗ್ಗ ಬಿಗಿದು, ಫೋಟೋ ತೆಗೆದರು. ರೈಲು ಹೊರಟಿತು.

ರೈಲು ನಾಲ್ಕು ಅಡಿ ಹೋಗಿರಬಹುದು. ಅಮೃತ ಎರಡೂ ಕೈಗಳನ್ನು ಜಿರಾಫೆಯ ಕಡೆ ಚಾಚಿ, ಮೂರು ತಾಲೂಕಿಗೆ ಕೇಳುವಂತೆ ಕಿರುಚಿದಳು. "ಟಕ್! ಟಕ್ ಬೇಕು!"

"ನಿಂದರ್ಸೋ ಖಾಜಾ!" ಎಂದು ಗಂಗುಬಾಯಿ ಕೂಗಿದಳು.

"ನಡುವ ಇಳಸಾಕ ಬರಂಗಿಲ್ರಿ ಆಯಿ, ಕಲಮು ಒಂಬತ್ತು!"

ಶಾಂತಕುಮಾರ ರೈಲಿನ ಪಕ್ಕದಲ್ಲಿ ಆರಾಮಾಗಿ ನಡೆಯುತ್ತ, ಹಗ್ಗ ಬಿಚ್ಚಿ, ಮಗಳನ್ನು ಎತ್ತಿಕೊಂಡು ವಾಪಸು ಬಂದ. ರೈಲು ನಿಲ್ಲಲೇ ಇಲ್ಲ, ಕೂಸು ತಾನಾಗಿ ಇಳಿಯಲೂ ಇಲ್ಲ, ಆದ್ದರಿಂದ ನಿಯಮ ಮುರಿಯಲಿಲ್ಲ. ಅಮೃತಳನ್ನು ಕೆಳಗಿಳಿಸಿದ್ದೇ ತಡ, ಅವಳು ಓಡಿಹೋಗಿ ಜಿರಾಫೆಗೆ ಬೆನ್ನು ಕೊಟ್ಟಳು. ಕಲ್ಲಿನಾಥ ವ್ಯವಸ್ಥಾಪಕರ ಮುಖ ನೋಡಿದ, ಅವರು ತಲೆಯಾಡಿಸಿದರು.

ಟಕ್.

ಆಗ ಮಿಕ್ಕ ಮಕ್ಕಳೂ ಬಂದರು. ಅಫಜಲಪುರದ ಹದಿನಾಲ್ಕೂ ಮಕ್ಕಳು ರೈಲು ಒಂದು ಸುತ್ತು ಮುಗಿಸಿದ ಕೂಡಲೇ ಬಂದರು. ನೀರಿನ ಜಾರುಬಂಡೆ ಖಾಲಿಯಾಯಿತು, ದೊಡ್ಡ ತೊಟ್ಟಿಲು ಬರಿದೇ ತಿರುಗಿತು. ಪಾರ್ಕಿನಲ್ಲಿದ್ದ ಎಲ್ಲ ಮಕ್ಕಳೂ ತಮ್ಮನ್ನು ಅಳೆಸಿಕೊಳ್ಳಲು ಸಾಲು ಹಚ್ಚಿದರು. ಸಂಜೆಗೆ ಕಲ್ಲಿನಾಥನ ಬಲಗೈ ಬಾತುಕೊಂಡಿತ್ತು, ಅವನು ಎಡಗೈಯಿಂದ ಅಳೆಯುತ್ತಿದ್ದ. ಧ್ವನಿವರ್ಧಕ ಮತ್ತೆ ಮೊಳಗಿತು.

"ಸಾರ್ವಜನಿಕರ ಗಮನಕ್ಕೆ. ಎತ್ತರ ಅಳೆಯುವ ಹಲಗೆಯನ್ನು ಇಂದಿನಿಂದ ಜಾರಿಗೆ ಬರುವಂತೆ ಪಾರ್ಕಿನ ಹನ್ನೆರಡನೇ ಆಟವೆಂದು ಘೋಷಿಸಲಾಗಿದೆ. ಆಟವಾದ್ದರಿಂದ ಕಲಮು ನಾಲ್ಕು ಅನ್ವಯಿಸುತ್ತದೆ. ಎಂಬತ್ತೈದು ಸೆಂಟಿಮೀಟರಿಗಿಂತ ಕಡಿಮೆ ಎತ್ತರದವರು ಎತ್ತರ ಅಳೆಸಿಕೊಳ್ಳುವಂತಿಲ್ಲ."

ಕಡಿಮೆ ಎತ್ತರವೆಂದು ಅಳೆಯದೆ ತಿಳಿಯುವುದು ಹೇಗೆ ಎಂದು ಯಾರೋ ಕೇಳಿದರು. ಅದು ನಾನೇ. ಶಾಂತಲಿಂಗಪ್ಪನವರು ನನ್ನನ್ನು ಕನಿಕರದಿಂದ ನೋಡಿ, ಅದಕ್ಕಾಗಿ ಮೊದಲ ಹಲಗೆಯ ಮುಂದೆ ಎರಡನೇ ಹಲಗೆ ನಿಲ್ಲಿಸಲಾಗುವುದೆಂದರು. ಅದು ಆಟವಲ್ಲ, ಬರೀ ಅರ್ಹತಾ ಪರೀಕ್ಷೆ, ಆದ್ದರಿಂದ ಅದಕ್ಕೆ ಯಾವ ಎತ್ತರವೂ ನಡೆಯುತ್ತದೆ. ಅನರ್ಹರಾದವರು ಎಷ್ಟು ಸಲ ಬೇಕಾದರೂ ಪುನಃ ಅರ್ಜಿ ಹಾಕಿಕೊಳ್ಳಬಹುದು.

ಸೋಮವಾರ ಹತ್ತಕ್ಕೆ ಸರಿಯಾಗಿ, ಸೋದರಮಾವನ ತೊಡೆಯ ಮೇಲೆ, ಅಮೃತ ಆದೇಶದ ಪ್ರಕಾರ ಎಂಬತ್ತೊಂದು ಸೆಂಟಿಮೀಟರಾದಳು.

ಮುಂದಿನ ಭಾನುವಾರ ಅವರು ಮತ್ತೆ ಬಂದರು. ನಾನೂ ಬಂದಿದ್ದೆ. ಕೂಸಿನ ಬೋಳುತಲೆ ತೊಳೆದಿಟ್ಟ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಗಂಗುಬಾಯಿಯ ಮುಖ ಮಾತ್ರ ಬಾಡಿತ್ತು. "ಈಗ ಜುಟ್ಟಿಲ್ರಿ," ಎಂದಳು ನನಗೆ ಮೆಲ್ಲಗೆ. "ಆಗಂಗಿಲ್ಲ ಅಂತ ಹೊಳ್ಳಿ ಕಳಸಿದ್ರ ಕೂಸು ಅಳ್ತದ. ಬರೂದ ಬ್ಯಾಡಂದೆ, ಬಸ್ ಸ್ಟ್ಯಾಂಡಿನಾಗ ಒಂದೇ ಸವನ ಟಕ್ ಟಕ್ ಅಂತ ನಿಂತುಬಿಟ್ಟಳ್ರಿ."

ಎರಡನೇ ಹಲಗೆಯಲ್ಲಿ ಒಂಟೆಯ ಚಿತ್ರವಿತ್ತು. ಈಗ ಹಿರಿಯ ಎತ್ತರ ನಿರೀಕ್ಷಕನಾಗಿ ಬಡ್ತಿ ಪಡೆದಿದ್ದ ಕಲ್ಲಿನಾಥ ಪಟ್ಟಿ ಇಳಿಸಿದ. ಕೂದಲಿನ ಅಡ್ಡಿ ಇಲ್ಲದ ತಲೆಗೆ ಪಟ್ಟಿ ತಾಗಿ ಹಿಂದೆಂದೂ ಕೇಳದ ಶುದ್ಧವಾದ ಸದ್ದು ಬಂತು.

ಟಣ್.

"ಅನರ್ಹ," ಎಂದ ಕಲ್ಲಿನಾಥ.

ಅಮೃತ ಬಾಯಿ ತೆರೆದಳು. ಆಮೇಲೆ ನಗು ಬಂತು ನೋಡಿ, ಅವಳು ಎರಡೂ ಕೈಯಿಂದ ಬೋಳುತಲೆ ಹಿಡಿದುಕೊಂಡು ಗಿರಗಿರ ತಿರುಗಿದಳು. "ಮತ್ತ!"

"ಪುನಃ ಅರ್ಜಿ," ಎಂದು ಬರೆದುಕೊಂಡು ಕಲ್ಲಿನಾಥ ಪಟ್ಟಿ ಎತ್ತಿದ. ಟಣ್. ಅನರ್ಹ. ಟಣ್. ಅನರ್ಹ.

ಮೊದಲ ಹಲಗೆಯ ಮುಂದೆ ಯಾರೂ ಉಳಿಯಲಿಲ್ಲ. ಒಂದೇ 'ಟಕ್'ಗೆ ಅರ್ಹರಾಗಿ ಮುಂದೆ ದೂಡಿಸಿಕೊಂಡ ಮಕ್ಕಳ ತಂದೆತಾಯಿ ಇದು ಅನ್ಯಾಯವೆಂದು ಲಿಖಿತ ದೂರು ಕೊಟ್ಟರು. ಕೆಲವರು ಮಕ್ಕಳಿಗೆ ಮೊಣಕಾಲು ಬಗ್ಗಿಸಿ ನಿಲ್ಲುವುದನ್ನು ಕಲಿಸಿದರು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಜಾವಳಗಳು ಶನಿವಾರಕ್ಕೆ ನಿಗದಿಯಾಗತೊಡಗಿದವು. ಈಗ ಸೋದರಮಾವಂದಿರು ರಜೆ ಅರ್ಜಿಯಲ್ಲಿ ಕಾರಣವನ್ನು 'ಅನರ್ಹತೆ' ಎಂದೇ ಬರೆಯುತ್ತಾರೆ, ಮೇಲಧಿಕಾರಿಗಳು ಪ್ರಶ್ನಿಸದೆ ಸಹಿ ಹಾಕುತ್ತಾರೆ.

ಆ ದಿನ ಇಪ್ಪತ್ತಮೂರನೇ ಅನರ್ಹತೆಯ ನಂತರ ಅಮೃತ ಹಲಗೆಯಿಂದ ಸರಿದು ಅಜ್ಜಿಯ ಬೆರಳು ಹಿಡಿದಳು. ಎಳೆದುಕೊಂಡು ಹೋಗಿ ಒಂಟೆಯ ಮುಂದೆ ನಿಲ್ಲಿಸಿದಳು. "ಆಯಿ ಟಕ್," ಎಂದು ಕಲ್ಲಿನಾಥನಿಗೆ ಅಪ್ಪಣೆ ಕೊಟ್ಟಳು.

"ಏ, ನಂದೇನ್ ತಗೀತಿ," ಎಂದು ಗಂಗುಬಾಯಿ ನಾಚಿಕೊಂಡಳು. ಆದರೆ ಅಲ್ಲಿಂದ ಸರಿಯಲಿಲ್ಲ. ಚಪ್ಪಲಿ ಬಿಟ್ಟಳು, ತಲೆಯ ಮೇಲಿನ ಸೆರಗು ತೆಗೆದಳು, ಬೆನ್ನನ್ನು ಹಲಗೆಗೆ ಹಚ್ಚಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಟಕ್.

ಗಂಗುಬಾಯಿ ಕಣ್ಣು ಬಿಟ್ಟಳು. ಅವಳ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಇಡೀ ಮೈ. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ.

"ಮತ್ತ," ಎಂದಳು.

ಪಟ್ಟಿ ನೂರಾ ನಲವತ್ತೆಂಟರ ಮೇಲೆ ನಿಂತಿತ್ತು, ಅದನ್ನು ನಾವೆಲ್ಲ ನೋಡುತ್ತಿದ್ದೆವು. ಅರ್ಹರಿಗೆ ಎರಡನೇ ಅವಕಾಶವಿಲ್ಲ. ಹಿರಿಯ ಎತ್ತರ ನಿರೀಕ್ಷಕ ಕಲ್ಲಿನಾಥ ಅಂಕಿಯ ಕಡೆ ಕಣ್ಣೆತ್ತದೆ ಪುಸ್ತಕದಲ್ಲಿ ಏನೋ ಬರೆದ.

"ಅನರ್ಹ," ಎಂದ. "ಸ್ವಲ್ಪ ಕಡಿಮಿ ಬಿದ್ದೀರಿ ಆಯಿ. ಪುನಃ ಅರ್ಜಿ ಹಾಕ್ರಿ."

ನಮ್ಮಲ್ಲಿ ಯಾರೂ ಆಕ್ಷೇಪಣೆ ಸಲ್ಲಿಸಲಿಲ್ಲ. ನಾನು ಚಪ್ಪಲಿ ಬಿಟ್ಟು ಅವಳ ಹಿಂದೆ ನಿಂತುಕೊಂಡೆ.