ಗಟ್ಟಿ ಹೊಟ್ಟೆಯ ಮನೆ

ಪುರಸಭೆಯ ನಲ್ಲಿ ನೀರು ಶುದ್ಧವಾಗಿದೆ ಎಂಬುದು ಪ್ರಯೋಗಾಲಯದ ಮೊಹರಿನ ಸಮೇತ ಸಾಬೀತಾಗಿರುವ ಸಂಗತಿ. ನೀರಿನ ಬಣ್ಣ, ವಾಸನೆ ಹಾಗೂ ಅದರಲ್ಲಿ ಆಗಾಗ ತೇಲಿಬರುವ ಪದಾರ್ಥಗಳು ಈ ವಿಷಯಕ್ಕೆ ಸಂಬಂಧಪಟ್ಟವಲ್ಲ.

ಇದರ ಹಿಂದೆ ಆರೋಗ್ಯ ನಿರೀಕ್ಷಕರ ಶ್ರಮವಿತ್ತು. ಮೊದಲ ಸಲ ಅವರು ಗ್ರಹಚಾರಕ್ಕೆ ಪುರಸಭೆಯ ಹಿಂದಿನ ಬೀದಿಯ ನಲ್ಲಿಯಿಂದಲೇ ಬಾಟಲಿ ತುಂಬಿಸಿ ಕಳಿಸಿದ್ದರು. ಪ್ರಯೋಗಾಲಯದವರು ಮುಚ್ಚಳ ತೆಗೆದರು, ಮೂಗು ಮುಚ್ಚಿಕೊಂಡರು, ಮತ್ತೆ ಮುಚ್ಚಳ ಹಾಕಿ ವಾಪಸು ಕಳಿಸಿದರು. ಇಂಥ ನೀರು ಹಾಕಿದರೆ ಯಂತ್ರ ಕೆಡುತ್ತದೆ, ಯಂತ್ರಕ್ಕೆ ಒಗ್ಗುವ ನೀರು ಕಳಿಸಿ ಎಂದು ಹೇಳಿಕಳಿಸಿದರು. ನಿರೀಕ್ಷಕರು ನಿಯಮ ಕಂಡಲ್ಲಿ ತಲೆಬಾಗುವ ಮನುಷ್ಯ. ಅಧ್ಯಕ್ಷರ ಕೋಣೆಯಲ್ಲಿ ಅಂಗಡಿಯಿಂದ ತರಿಸಿ ಇಟ್ಟಿದ್ದ ಕ್ಯಾನಿನಿಂದ ಒಂದು ಬಾಟಲಿ ಬಗ್ಗಿಸಿ ಕಳಿಸಿದರು. ಯಂತ್ರ ಮೆಚ್ಚಿಕೊಂಡಿತು.

ಆದರೂ ಹಿಂದಿನ ಬೀದಿಯವರ ವಾಂತಿಭೇದಿ ನಿಲ್ಲಲಿಲ್ಲ. ಅಲ್ಲಿ ಕುಡಿಯುವ ನೀರಿನ ಪೈಪೂ ಒಳಚರಂಡಿಯ ಪೈಪೂ ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಮಲಗಿದ್ದವು, ಎರಡೂ ಒಡೆದಿದ್ದವು. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಮೇಲಿನ ರಸ್ತೆಗೆ ಅಧ್ಯಕ್ಷರ ಬಾಮೈದ ಆಗತಾನೇ ಡಾಂಬರು ಹಾಕಿಸಿದ್ದ. ಉದ್ಘಾಟನೆಯಾಗದ ರಸ್ತೆಯನ್ನು ಅಗೆಯುವುದು ಅಪಶಕುನ, ಉದ್ಘಾಟನೆಯಾದ ರಸ್ತೆಯನ್ನು ಅಗೆಯುವುದು ಅವಮಾನ ಎಂದು ಪುರಸಭೆ ಸರ್ವಾನುಮತದಿಂದ ತೀರ್ಮಾನಿಸಿತು.

"ನೀರು ಸರಿಯಾಗಿದೆ ಅಂತ ಯಂತ್ರಾನೇ ಹೇಳಿದೆ. ಹಾಗಾದ್ರೆ ಕೆಟ್ಟಿರೋದು ಏನ್ರೀ?" ಎಂದು ಅಧ್ಯಕ್ಷರು ಸಭೆಯನ್ನು ಕೇಳಿದರು.

ಸಭೆ ಗಂಭೀರವಾಗಿ ಯೋಚಿಸಿತು. ಹಿಂದಿನ ಸಾಲಿನಿಂದ ಯಾರೋ "ಹೊಟ್ಟೆ" ಅಂದರು. ಎಲ್ಲರಿಗೂ ತಲೆಯ ಮೇಲಿನ ಭಾರ ಇಳಿದಂತಾಯಿತು.

ಮರುದಿನ ಧ್ವನಿವರ್ಧಕ ಕಟ್ಟಿಕೊಂಡ ಆಟೋ ಬೀದಿಬೀದಿ ಸುತ್ತಿತು. "ಸಾರ್ವಜನಿಕರ ಗಮನಕ್ಕೆ! ಪುರಸಭಾ ವ್ಯಾಪ್ತಿಯ ಸಮಸ್ತ ಹೊಟ್ಟೆಗಳನ್ನು ಪರೀಕ್ಷೆಗೆ ಒಳಪಡಿಸಲಾಗುವುದು. ಪ್ರತಿಯೊಬ್ಬರೂ ಸಮಿತಿಯ ಎದುರು ಒಂದು ಲೋಟ ನಲ್ಲಿ ನೀರು ಕುಡಿಯತಕ್ಕದ್ದು. ಗಂಟೆ ಬಾರಿಸುವವರೆಗೆ ನೆಟ್ಟಗೆ ನಿಂತವರ ಹೊಟ್ಟೆಯನ್ನು ಗಟ್ಟಿ ಹೊಟ್ಟೆಯೆಂದು ಘೋಷಿಸಿ, ನಲ್ಲಿ ಸಂಪರ್ಕ ಮುಂದುವರಿಸಲಾಗುವುದು. ವಾಂತಿಗೆಂದು ಬಗ್ಗಿದವರದು ದುರ್ಬಲ ಹೊಟ್ಟೆಯೆಂದು ತೀರ್ಮಾನಿಸಿ, ಅವರ ಹಿತದೃಷ್ಟಿಯಿಂದ ನಲ್ಲಿ ಬಂದ್ ಮಾಡಿ, ಊರಾಚೆಯ ಬಾವಿಯ ನೀರನ್ನು ಟ್ಯಾಂಕರಿನಲ್ಲಿ ಕೊಡಲಾಗುವುದು. ನೀರು ಕುದಿಸುವುದು, ಕ್ಯಾನ್ ಕೊಳ್ಳುವುದು ಪುರಸಭೆಯ ಮೇಲಿನ ಅಪನಂಬಿಕೆಯಾಗಿದ್ದು, ನೌಕರರು ಹೀಗೆ ಮಾಡಿದಲ್ಲಿ ಕೆಲಸದಿಂದ ವಜಾ ಮಾಡಲಾಗುವುದು."

ಈ ನಿಯಮಗಳನ್ನೆಲ್ಲ ನಿರೀಕ್ಷಕರೇ ಕೂತು ಬರೆದು ಸಹಿ ಹಾಕಿದ್ದು. ಭಾಷೆ ಚೆನ್ನಾಗಿದೆ ಎಂದು ಅಧ್ಯಕ್ಷರು ಬೆನ್ನು ತಟ್ಟಿದ್ದರು.

ಟ್ಯಾಂಕರ್ ನೀರು ಕುಡಿದ ದುರ್ಬಲ ಹೊಟ್ಟೆಯವರು ಒಂದೇ ವಾರದಲ್ಲಿ ಗುಣವಾಗಿ ಗುಂಡುಕಲ್ಲಿನಂತೆ ಓಡಾಡತೊಡಗಿದರು. ಗಟ್ಟಿ ಹೊಟ್ಟೆಯವರು ಹಾಸಿಗೆ ಹಿಡಿದರು. ಇದನ್ನು ಕಂಡ ಪುರಸಭೆಯ ಸದಸ್ಯರಿಗೆ ತಮ್ಮ ಹೊಟ್ಟೆ ಎಷ್ಟು ದುರ್ಬಲವೆಂದು ಹೊಳೆಯಿತು. ಅವರೂ, ಅವರ ಬೀಗರೂ ಸಾಲುಗಟ್ಟಿ ಬಂದು ಬಗ್ಗಿದರು. ಅಧ್ಯಕ್ಷರಂತೂ ಲೋಟ ತುಟಿಗೆ ತಾಗುವ ಮೊದಲೇ ಬಗ್ಗಿದರು. ಟ್ಯಾಂಕರಿನಲ್ಲಿ ಉಳಿದದ್ದು ಅಷ್ಟಕ್ಕಷ್ಟೇ. ಆದ್ದರಿಂದ ಇನ್ನು ಮುಂದೆ ಶಿಫಾರಸಿಗೆ ಅವಕಾಶವಿಲ್ಲ, ಎಲ್ಲರೆದುರು ನಿಜವಾಗಿ ವಾಂತಿ ಮಾಡಿಕೊಂಡವರಿಗೆ ಮಾತ್ರ ಟ್ಯಾಂಕರ್ ಎಂದು ನಿಯಮ ಬಿಗಿಯಾಯಿತು.

ಬಿಗಿಯಾದ ಮರುದಿನವೇ ನಿರೀಕ್ಷಕರ ಮಗಳು ಪುಟ್ಟಿಗೆ ಭೇದಿ ಶುರುವಾಯಿತು. ಹೆಂಡತಿ ಬಾಗಿಲು ಹಾಕಿಕೊಂಡು ನೀರು ಕುದಿಸಿದಳು. ನಿರೀಕ್ಷಕರ ಅಡುಗೆಮನೆ ಕಿಟಕಿಯಿಂದ ಆವಿ ಬರುತ್ತಿದೆ ಎಂದು ಪಕ್ಕದ ಮನೆಯವರು ದೂರು ಕೊಟ್ಟರು. ಇನ್ನೊಮ್ಮೆ ಆವಿ ಕಂಡರೆ ಕೆಲಸ ಹೋಗುತ್ತದೆ ಎಂದು ಎಚ್ಚರಿಕೆ ಬಂತು.

"ನಿಮ್ಮ ಸಹಿ ಊರೋರಿಗೆಲ್ಲ ನಡೆಯುತ್ತೆ, ಹೆತ್ತ ಮಗೂಗೆ ನಡೆಯಲ್ವೇನ್ರೀ?" ಎಂದು ಹೆಂಡತಿ ಕೇಳಿದಳು. ಮಗುವಿನ ಕಣ್ಣು ಗುಳಿಬಿದ್ದಿತ್ತು. ನಿರೀಕ್ಷಕರಿಗೆ ಹೆದರಿಕೆಯಾಯಿತು. ನಾಚಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು ಅಧ್ಯಕ್ಷರ ಕೋಣೆಗೆ ಹೋದರು.

"ಮಗೂಗೆ ಆಗ್ಲೇ ಹುಷಾರಿಲ್ಲ ಸಾರ್. ಪರೀಕ್ಷೆ ಇಲ್ದೇನೇ ಟ್ಯಾಂಕರ್ ನೀರು ಕೊಡಿಸಿದ್ರೆ..."

"ಅದು ಹೇಗ್ರೀ ಆಗುತ್ತೆ? ಕಾಯಿಲೆ ಬೇರೆ, ದುರ್ಬಲ ಹೊಟ್ಟೆ ಬೇರೆ. ನೀವೇ ಬರೆದಿರೋದು," ಎಂದು ಅಧ್ಯಕ್ಷರು ಕ್ಯಾನಿನಿಂದ ನೀರು ಬಗ್ಗಿಸಿಕೊಂಡು ಕುಡಿದರು. "ಒಂದೇ ಒಂದು ಲೋಟ ಕುಡಿಸಿ. ವಾಂತಿ ಮಾಡ್ಕೊಂಡ್ರೆ ನಾಳೆಯಿಂದ ಟ್ಯಾಂಕರ್ ನಿಮ್ಮನೆ ಬಾಗಿಲಿಗೇ ಬರುತ್ತೆ. ನಾನೇ ನಿಂತು ಪರೀಕ್ಷೆ ಮಾಡಿಸ್ತೀನಿ."

ಹೀಗೆ, ಮಗಳಿಗೆ ಆ ನೀರನ್ನು ತಪ್ಪಿಸಬೇಕಾದರೆ ಮಗಳಿಗೆ ಆ ನೀರನ್ನೇ ಕುಡಿಸಬೇಕಾಯಿತು. ನಿಯಮದಲ್ಲಿ ಎಲ್ಲಾದರೂ ಸಂದು ಬಿಟ್ಟಿದ್ದೇನೋ ಎಂದು ನಿರೀಕ್ಷಕರು ಹುಡುಕಿದರು. ಅಚ್ಚುಕಟ್ಟಾಗಿ ಬರೆದಿದ್ದರು, ಎಲ್ಲೂ ಬಿಟ್ಟಿರಲಿಲ್ಲ.

ಬೆಳಿಗ್ಗೆ ಮಗಳಿಗೆ ತಲೆ ಬಾಚುತ್ತ ಮೆಲ್ಲಗೆ ಹೇಳಿಕೊಟ್ಟರು. "ಪುಟ್ಟಿ, ಒಂದು ಗುಟುಕು ಕುಡಿ ಸಾಕು. ವಾಂತಿ ಬಂದ್ರೆ ತಡ್ಕೋಬೇಡ, ಬಗ್ಗಿಬಿಡು."

"ಬಗ್ಗಿದ್ರೆ ಫೇಲ್ ಅಲ್ವಾ ಅಪ್ಪ?"

"ಫೇಲೇ ಆಗ್ಬೇಕು ಕಂದ. ಫೇಲ್ ಆದ್ರೇನೇ ಒಳ್ಳೇದು."

"ಎಲ್ಲರೂ ನೋಡ್ತಿರ್ತಾರಾ?"

"ನೋಡ್ತಿರ್ತಾರೆ."

ಎರಡನೇ ತರಗತಿಯ ಪುಟ್ಟಿ ಇದುವರೆಗೆ ಯಾವ ಪರೀಕ್ಷೆಯಲ್ಲೂ ಫೇಲಾದವಳಲ್ಲ.

ಮನೆಯ ಮುಂದೆ ಬೆಂಚು ಹಾಕಿದರು. ಬೀದಿಗೆ ಬೀದಿಯೇ ಸೇರಿತು, ಶಾಲೆಯ ಟೀಚರೂ ಬಂದಿದ್ದರು. ಸಮಿತಿಯ ಪರವಾಗಿ ಲೋಟ ಹಿಡಿಯಬೇಕಾದವರು ನಿರೀಕ್ಷಕರೇ. ಅವರ ಕೈಯಿಂದ ನೀರು ತುಳುಕಿದಾಗ, ನಿಯಮದಂತೆ ಮತ್ತೆ ಕಂಠಮಟ್ಟ ತುಂಬಿಸಲಾಯಿತು.

ಪುಟ್ಟಿ ಟೀಚರ ಮುಖ ನೋಡಿದಳು. ಕಣ್ಣು ಮುಚ್ಚಿ ಇಡೀ ಲೋಟವನ್ನು ಕುಡಿದುಬಿಟ್ಟಳು. ಮುಖ ಬಿಳುಚಿತು, ಹಣೆಯಲ್ಲಿ ಬೆವರೊಡೆಯಿತು. ಅವಳು ಎರಡೂ ಕೈ ಹಿಂದೆ ಕಟ್ಟಿ, ತುಟಿ ಕಚ್ಚಿಕೊಂಡು, ಪ್ರಾರ್ಥನೆಗೆ ನಿಂತಂತೆ ನೆಟ್ಟಗೆ ನಿಂತಳು.

"ಬಗ್ಗು ಪುಟ್ಟಿ," ಎಂದು ನಿರೀಕ್ಷಕರು ಪಿಸುಗುಟ್ಟಿದರು. "ನಿನ್ನ ದಮ್ಮಯ್ಯ ಅಂತೀನಿ, ಬಗ್ಗು."

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಗಂಟೆ ಬಾರಿಸಿದರು. ಚಪ್ಪಾಳೆಯೋ ಚಪ್ಪಾಳೆ.

"ನೋಡ್ರಪ್ಪ, ಇಷ್ಟುದ್ದ ಮಗೂಗೆ ಒಗ್ಗಿದ ನೀರು!" ಎಂದು ಅಧ್ಯಕ್ಷರು ಗದ್ಗದಿತರಾದರು. ಬಗ್ಗಲೆಂದು ಸರದಿಯಲ್ಲಿ ನಿಂತಿದ್ದ ದೊಡ್ಡವರು ನಾಚಿಕೊಂಡು ತಂತಮ್ಮ ಕೊಡ ಎತ್ತಿಕೊಂಡು ನಲ್ಲಿಯತ್ತ ಹೋದರು. ಟ್ಯಾಂಕರ್ ಅಧ್ಯಕ್ಷರ ಮನೆಯ ಕಡೆಗೆ ತಿರುಗಿತು.

ಹೆಂಡತಿ ಯಾರ ಮುಖವನ್ನೂ ನೋಡದೆ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಹೊರಗೆ ಬಾಗಿಲಿಗೆ 'ಗಟ್ಟಿ ಹೊಟ್ಟೆಯ ಮನೆ' ಎಂಬ ಫಲಕ ಹೊಡೆಯಲಾಯಿತು, ಮೊಳೆ ಹಿಡಿದುಕೊಂಡವರು ನಿರೀಕ್ಷಕರು. ಸುತ್ತಿಗೆಯ ಸದ್ದಿನಲ್ಲಿ, ಒಳಗೆ ಮಗು ಕಾರಿಕೊಳ್ಳುತ್ತಿದ್ದುದು ಅವರೊಬ್ಬರನ್ನು ಬಿಟ್ಟು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ, ಗಂಟೆ ಬಾರಿಸಿದ ನಂತರದ ವಾಂತಿಯನ್ನು ಪರಿಗಣಿಸಲು ಬರುವುದಿಲ್ಲ.