ಕಲ್ಲಿನ ಕಿಂಡಿಯಲ್ಲಿ ಇತಿಹಾಸದ ಮಾಸ್ತರರು

ಮೂರು ಸಾವಿರ ವರ್ಷದ ಸತ್ಯವನ್ನು ಇವತ್ತು ಹೆಂಡತಿಗೆ ತೋರಿಸಿಯೇ ಸಿದ್ಧ! ಎಪ್ಪತ್ತೊಂಬತ್ತನೇ ಇಸವಿಯ ಒಂದು ಭಾನುವಾರ, ಮಾನ್ವಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಹನುಮಂತ್ರಾಯ ಮಾಸ್ತರರು ಹೀಗೆ ಪಣ ತೊಟ್ಟರು. ಹೆಂಡತಿ ಗೋಪಮ್ಮ ಕೇಳಿದ್ದು ರಾಯಚೂರಿನಲ್ಲಿ ಒಂದು ಸಿನಿಮಾ. ಸಿಕ್ಕಿದ್ದು ದೇವದುರ್ಗದಾಚೆಯ ಒಂದು ಬೋಳುಗುಡ್ಡ.

ಗುಡ್ಡದ ಮೇಲೆ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಕಟ್ಟಿದ ಕೋಣೆಗಳಿದ್ದವು. ಒಂದೊಂದಕ್ಕೂ ಒಂದು ದುಂಡನೆಯ ಕಿಂಡಿ. ಮೋರೇರು ಎಂಬ ಗಿಡ್ಡಜನ ಇವುಗಳಲ್ಲಿ ಸಂಸಾರ ಮಾಡುತ್ತಿದ್ದರೆಂದು ಸುತ್ತಲಿನವರ ನಂಬಿಕೆ.

"ಮನಿ ಅಲ್ಲ ಇವು, ಗೋರಿ," ಎಂದರು ಮಾಸ್ತರರು. "ನಾ ಒಳಗ ಹೋಗಿ ತೋರಸ್ತೀನಿ."

"ಗೋರಿ ಅಂತ ಗೊತ್ತಿದ್ದೂ ಒಳಗ ಹೋಗ್ತೀರಾ? ಅಷ್ಟು ಅವಸರ ಏನದ?"

ವಿದ್ಯೆಗೆ ಅಂಜಿಕೆ ಎಲ್ಲಿಯದು? ಮಾಸ್ತರರು ತಲೆ ತೂರಿಸಿದರು, ಹೆಗಲು ತೂರಿಸಿದರು. ಬೆಳಿಗ್ಗೆ ತಿಂದ ಆರು ಜೋಳದ ರೊಟ್ಟಿ ಮಾತ್ರ ಹೊರಗೇ ಉಳಿದವು. ಮುಂದೆ ಹೋಗಲೊಲ್ಲರು, ಹಿಂದೆ ಬರಲೊಲ್ಲರು. ಕೊನೆಯ ಬಸ್ಸು ನಾಲ್ಕಕ್ಕೆ. ಗೋಪಮ್ಮ ಕಾಲು ಹಿಡಿದು ಜಗ್ಗಿದಳು. ಕೈಗೆ ಬಂದದ್ದು ಒಂದು ಬೂಟು.

ಕುರಿ ಕಾಯುತ್ತಿದ್ದ ಯಂಕಮ್ಮ ಎಂಬಾಕೆ ಬಂದು ನಿಂತಳು. ಕಲ್ಲಿನಿಂದ ಚಾಚಿಕೊಂಡಿದ್ದ ಎರಡು ಕಾಲುಗಳನ್ನು ಸಾವಕಾಶವಾಗಿ ನೋಡಿದಳು.

"ಯಾರವ್ವಾ ಇವ್ರು?"

"ನಮ್ಮ ಮನಿಯವ್ರು. ಮಾಸ್ತರು."

"ಒಳಗ ಹೋಗಾಕತ್ತಾರೋ, ಹೊರಗ ಬರಾಕತ್ತಾರೋ?"

"ಅದನ್ನ ಅವ್ರೂ ವಿಚಾರ ಮಾಡಾಕತ್ತಾರ."

ಕಲ್ಲಿನೊಳಗಿಂದ ಮಾಸ್ತರರ ದನಿ ಗುಡುಗಿತು: "ಮಾತು ಬಿಟ್ಟು ಎಣ್ಣಿ ಹಚ್ಚಿ ಎಳೀರಿ."

ಆ ಗುಡ್ಡದಲ್ಲಿ ಎಣ್ಣೆ ಇದ್ದದ್ದು ಒಂದೇ ಕಡೆ, ಬುತ್ತಿಗಂಟಿನ ಮಾವಿನ ಉಪ್ಪಿನಕಾಯಿ ಡಬ್ಬಿಯಲ್ಲಿ. ಗೋಪಮ್ಮ ಗಂಡನ ಅಂಗಿ ಸರಿಸಿ, ಹೊಟ್ಟೆಯ ಸುತ್ತ ಖಾರದ ಸಮೇತ ಸುರಿದಳು. ಕಲ್ಲು ತರಚಿದ ಜಾಗಗಳನ್ನೆಲ್ಲ ಖಾರ ಒಂದೊಂದಾಗಿ ವಿಚಾರಿಸಿಕೊಂಡಿತು. ಆಮೇಲೆ ಯಾರೂ ಎಳೆಯಬೇಕಾಗಲಿಲ್ಲ. ಮಾಸ್ತರರು ತಾವೇ ಬಂದರು, ಹಿಮ್ಮುಖವಾಗಿ, ಕುರಿಗಳೆಲ್ಲ ದಿಕ್ಕಾಪಾಲಾಗುವಂಥ ಕೂಗಿನೊಂದಿಗೆ.

ಬಸ್ಸೇನೋ ಸಿಕ್ಕಿತು. ಉರಿ ತಡೆಯಲಾರದೆ ಮಾಸ್ತರರು ಅಂಗಿ ತೆರೆದು, ಹೊಟ್ಟೆಯನ್ನು ಗಾಳಿಗೊಡ್ಡಿ ಕೂತರು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಮೂಗರಳಿಸಿದರು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಸೈಫುದ್ದೀನ್ ನಿಂತೇಬಿಟ್ಟ.

"ಯಾರದ್ರೀ ಉಪ್ಪಿನಕಾಯಿ ಡಬ್ಬಿ? ಜನರ ಬಾಯಾಗ ನೀರು ಬರಾಕತ್ತಾವ. ಮುಚ್ಚಳ ಹಾಕ್ರಿ."

ಗೋಪಮ್ಮ ಕಿಟಕಿಯಾಚೆ ನೋಡುತ್ತಲೇ ಗಂಡನಿಗೆ ಹೇಳಿದಳು:

"ಏನ್ರೀ, ಅಂಗಿ ಗುಂಡಿ ಹಾಕ್ಕೋರಿ."